ಸೋಡಾ ಫ್ಯಾಕ್ಟರಿಯ ತೆರಪು

ನಮ್ಮೂರಿನಲ್ಲಿ ಒಂದು ಧಾಟಿ ಒಂದೇ ಸಲ ಕೇಳಿಸುತ್ತದೆ. ಎರಡನೆಯ ಸಲ ಅದನ್ನೇ ಹಾಡಿದರೆ ಬಾಯಿ ಆಡುತ್ತದೆ, ಊದಿದರೆ ಕೆನ್ನೆ ಉಬ್ಬುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಯಾಕೆ ಹೀಗೆ ಎಂದು ಹೊರಗಿನವರು ಕೇಳುತ್ತಾರೆ. ಯಾಕೆ ಅಂದರೆ ಏನು ಹೇಳುವುದು, ಹುಟ್ಟಿದಾಗಿನಿಂದ ಹೀಗೇ. ತಾಯಂದಿರು ದಿನಕ್ಕೊಂದು ಜೋಗುಳ ಕಟ್ಟುತ್ತಾರೆ, ಕಟ್ಟಲಾರದವರು ಮಗುವಿನ ಬೆನ್ನು ತಟ್ಟುತ್ತಾರೆ. ಶಾಲೆಯ ಪ್ರಾರ್ಥನೆಗೆ ಪ್ರತಿ ಬೆಳಿಗ್ಗೆ ಹೊಸ ಧಾಟಿ ಹುಡುಕುವ ಟೀಚರಮ್ಮನಿಗೆ ಅದೊಂದಕ್ಕೇ ಬೇರೆ ಸಂಬಳ ಕೊಡಬೇಕು, ಪಾಪ. ರೇಡಿಯೋದಲ್ಲಿ ಹೊಸ ಸಿನಿಮಾ ಹಾಡು ಬರುತ್ತದೆಂದರೆ ಬೀದಿಗೆ ಬೀದಿಯೇ ಒಲೆ ಆರಿಸಿ ಬಂದು ಕೂರುತ್ತದೆ, ಅವತ್ತು ತಪ್ಪಿಸಿಕೊಂಡವರಿಗೆ ಇನ್ನಿಲ್ಲ. ಮಾತಿಗೆ ಮಾತ್ರ ಈ ಕಟ್ಟು ಇಲ್ಲ. ಆಡಿದ್ದನ್ನೇ ಎಷ್ಟು ಸಲ ಬೇಕಾದರೂ ಆಡಬಹುದು, ನಮ್ಮೂರವರು ಆಡುತ್ತಾರೆ ಕೂಡ.

ಹೊಳೆ ದಾಟಿದರೆ ಎಲ್ಲವೂ ಎಲ್ಲ ಕಡೆಯಂತೆ. ಬಸ್ಸು ಸೇತುವೆಯ ಆ ತುದಿ ಮುಟ್ಟಿದ್ದೇ ತಡ, ಜನರ ಜೇಬಿನಲ್ಲಿ ಮೂಕವಾಗಿ ನಡುಗುತ್ತಿದ್ದ ಫೋನುಗಳು ಒಟ್ಟಿಗೇ ಹಾಡತೊಡಗುತ್ತವೆ. ನಮ್ಮ ಹಿರಿಯರು ಆಗ ಕಿವಿ ಮುಚ್ಚಿಕೊಳ್ಳುತ್ತಾರೆ. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವುದು ಅವರಿಗೆ ಎಂಜಲು ತಿಂದ ಹಾಗೆ.

ನನ್ನ ಹೆಸರು ಪಂಕಜ. ಮದುವೆ ವಿಡಿಯೋ ತೆಗೆಯುತ್ತೇನೆ. ವಾಲಗ ಕೇಳಿಸದ ವಿಡಿಯೋಗೆ ಯಾಕಮ್ಮ ಇಷ್ಟು ದುಡ್ಡು ಎಂದು ಚೌಕಾಸಿ ಮಾಡುವವರ ಜೊತೆ ಗುದ್ದಾಡಿಕೊಂಡು ಬದುಕುವವಳು. ಇಂಥ ನನ್ನ ಬಾಗಿಲಿಗೆ ಹೋದ ವರ್ಷ ಮೂವರು ಮುದುಕರು ಬಂದು, ನಮ್ಮ ಜಾಝಿನ ಚರಿತ್ರೆಯನ್ನು ಸಾಕ್ಷ್ಯಚಿತ್ರ ಮಾಡಿಕೊಡು ಎಂದರು. ಮುಂದೆ ಕೂತವರು ಸ್ಯಾಕ್ಸೋಫೋನಿನ ಪಿಳ್ಳಪ್ಪ ಮಾಸ್ತರು. ಅವರ ಎಡಕ್ಕೆ ಟ್ರಂಪೆಟ್ಟಿನ ಇನ್ನಾಸಪ್ಪ, ಬಲಕ್ಕೆ ಡ್ರಮ್ಮಿನ ಬುಡನ್ ಸಾಬರು. "ನಾವು ಮೂರು ಜನ ಹೋದ್ರೆ ಇದೆಲ್ಲ ಇತ್ತು ಅನ್ನೋಕೆ ಏನೂ ಉಳಿಯಲ್ಲ ಕಣಮ್ಮ. ನುಡಿಸಿದ್ದು ಅವತ್ತೇ ಹೋಯ್ತು. ಮುಖಾನಾದ್ರೂ ಹಿಡಿದಿಡು, ಮಾತಾದ್ರೂ ಹಿಡಿದಿಡು" ಎಂದರು ಮಾಸ್ತರು. ಆಯ್ತು ಮಾಸ್ತರೇ ಅಂದುಬಿಟ್ಟೆ. ಆಮೇಲೆ ಪಟ್ಟ ಪಾಡು ನನಗೇ ಗೊತ್ತು.

ಕಥೆಯ ಮೊದಲ ಭಾಗಕ್ಕೇನೂ ತಕರಾರಿಲ್ಲ, ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಹೊಳೆಯ ಸೇತುವೆ ಕೊಚ್ಚಿಹೋದ ವರ್ಷ ಒಂದು ಸರ್ಕಸ್ ಕಂಪನಿ ನಮ್ಮೂರಿನಲ್ಲಿ ಸಿಕ್ಕಿಹಾಕಿಕೊಂಡಿತು. ಅದರ ಬ್ಯಾಂಡಿನವರು ಮೊದಲ ದಿನ ಭರ್ಜರಿಯಾಗಿ ನುಡಿಸಿದರು. ಎರಡನೆಯ ದಿನ ಅದನ್ನೇ ನುಡಿಸಹೋಗಿ, ಕೆನ್ನೆ ಊದಿಸಿಕೊಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೆಯ ದಿನ ಅವರಲ್ಲೊಬ್ಬ ತೋಚಿದ್ದನ್ನು ಊದತೊಡಗಿದ, ಉಳಿದವರು ಅವನ ಹಿಂದೆ ಬಿದ್ದರು. ಇದಕ್ಕೆ ಜಾಝ್ ಅನ್ನುತ್ತಾರೆ ಎಂದರು. ಪ್ರತಿ ಮದುವೆಗೂ ಹೊಸದು ಕಟ್ಟಿ ಕಟ್ಟಿ ಹಣ್ಣಾಗಿದ್ದ ನಮ್ಮ ವಾಲಗದವರಿಗೆ ನಗು ತಡೆಯಲಿಲ್ಲ. "ಅಯ್ಯೋ, ನಮ್ಮ ದಿನದ ಪಾಡಿಗೆ ಇವ್ರು ಒಂದು ಹೆಸರಿಟ್ಕೊಂಡು ಬಂದವ್ರಲ್ಲಪ್ಪೋ" ಎಂದರಂತೆ. ಸರ್ಕಸ್ಸು ಹೋಯಿತು, ವಾದ್ಯಗಳಲ್ಲಿ ಕೆಲವು ಇಲ್ಲೇ ಉಳಿದವು. ಹೊಳೆ ಬೀದಿಯ ಸೋಡಾ ಫ್ಯಾಕ್ಟರಿಯ ಹಿಂದಿನ ಅಂಗಳದಲ್ಲಿ ಭಾನುವಾರದ ಸಂಜೆಗಳು ಶುರುವಾದವು. ವಾರವೆಲ್ಲ ಮೂಕಸಾಧನೆ, ಅಂದರೆ ಉಸಿರು ಬಿಡದೆ ಬರೀ ಬೆರಳಾಡಿಸುವುದು. ಉಸಿರು ಬಿಟ್ಟರೆ ಧಾಟಿ ಖರ್ಚಾಗಿಹೋಗುತ್ತದಲ್ಲ! ಭಾನುವಾರ ಬಂದು ಎಲ್ಲರೆದುರು ಸುರಿಯುವುದು. ಹೊಳೆಯಾಚೆಯಿಂದಲೂ ಜನ ದೋಣಿ ಮಾಡಿಕೊಂಡು ಬರುತ್ತಿದ್ದರಂತೆ.

ಬರುತ್ತಿದ್ದದ್ದು ಮುಖ್ಯವಾಗಿ ತೆರಪು ಕೇಳಲು. ನಮ್ಮ ಜಾಝಿನ ಗುರುತೇ ಅದು. ಇಡೀ ತಂಡ ಮೇಲೇರಿ ಮೇಲೇರಿ, ಸರಿಯಾಗಿ ನಡುವಿನಲ್ಲಿ ಎಲ್ಲರೂ ಗಪ್ಪನೆ ನಿಂತುಬಿಡುತ್ತಾರೆ. ಒಂದು ಪದ ಹಾಡಿ ಮುಗಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಹಿಡಿದ ಕಡೆಯಿಂದಲೇ ಹಿಡಿದು ಮುಂದಕ್ಕೆ. ಆ ಸುಮ್ಮನಿರುವ ಹೊತ್ತಿನಲ್ಲಿ ಕೂತವರ ಕೈಕೂದಲು ನಿಮಿರುತ್ತಿತ್ತು ಎಂದು ನನ್ನ ಅಪ್ಪ ಹೇಳುತ್ತಿದ್ದ. ಈ ತೆರಪನ್ನು ತಂದವರು ಯಾರು? ಸಾಕ್ಷ್ಯಚಿತ್ರಕ್ಕೆ ಅದು ಬೇಕೇ ಬೇಕಲ್ಲ. ಕೇಳಿದೆ. ಕೇಳಿ ಕೆಟ್ಟೆ.

"ನಾನೇ ಯೋಚನೆ ಮಾಡಿ ತಂದಿದ್ದು. ಹಾಡಿಗೂ ಉಸಿರು ಬೇಕಲ್ಲಮ್ಮ" ಎಂದರು ಪಿಳ್ಳಪ್ಪ ಮಾಸ್ತರು. "ಅವನ ತಲೆ. ಟ್ರಂಪೆಟ್ಟಲ್ಲಿ ಎಂಜಲು ತುಂಬ್ಕೊಂಡಿತ್ತು, ಬಗ್ಗಿಸಿ ಒದರ್ತಾ ಇದ್ದೆ, ನನಗೋಸ್ಕರ ಎಲ್ರೂ ಕಾದ್ರು. ಜನ ಚಪ್ಪಾಳೆ ಹೊಡೆದ್ರು, ಅದೇ ಗಟ್ಟಿಯಾಯ್ತು" ಎಂದರು ಇನ್ನಾಸಪ್ಪ. ಬುಡನ್ ಸಾಬರು ಗಡ್ಡ ಕೆರೆದುಕೊಂಡು, "ಅವತ್ತು ಯಾರೋ ಹಾಡೋರು ಬರಬೇಕಿತ್ತು. ಬರ್ಲಿಲ್ಲ. ಅವ್ರಿಗೇಂತ ಬಿಟ್ಟ ಜಾಗ ಹಂಗೇ ಉಳೀತು" ಎಂದರು. ಮೂವರೂ ಆಣೆ ಇಟ್ಟು ಹೇಳುತ್ತಾರೆ. ಮೂವರ ಮುಖದಲ್ಲೂ ಸುಳ್ಳಿನ ಸುಳಿವೇ ಇಲ್ಲ. ಮನೆಗೆ ಬಂದು ಮೂರನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ ನೋಡಿ ನನ್ನ ತಲೆ ಕೆಟ್ಟು ಕೆರ ಹಿಡಿಯಿತು.

ಆ ವಾರವೇ ದೇವೀರಮ್ಮ ಬಂದದ್ದು. ಎತ್ತರದ ಹೆಂಗಸು, ಎಂಬತ್ತರ ಹತ್ತಿರ ವಯಸ್ಸು. ಬಾಗಿಲಲ್ಲೇ ನಿಂತು, "ಜಾಝಿನ ಪಿಚ್ಚರ್ ತೆಗೀತಿರೋಳು ನೀನೇನಾ? ಎಲ್ಲಾರ್ನೂ ಕೇಳಿದೆಯಂತೆ, ನನ್ನ ಕೇಳ್ಲೇ ಇಲ್ಲ" ಎಂದಳು. "ನೀವ್ಯಾರಮ್ಮ, ಗೊತ್ತಾಗ್ಲಿಲ್ಲ" ಎಂದೆ. "ಹಾಡಿದೋಳು" ಎಂದಳು. ಒಳಗೆ ಕರೆದು ಕೂರಿಸಿದೆ. ಆಕೆ ಸೋಡಾ ಫ್ಯಾಕ್ಟರಿಯಲ್ಲಿ ಸೀಸೆ ತೊಳೆಯುವ ಕೆಲಸಕ್ಕಿದ್ದವಳು. ಒಂದು ಭಾನುವಾರ ತಂಡದ ಜೊತೆ ನಿಂತು ಹಾಡಿದೆ ಎಂದು ಅವಳ ಮಾತು. "ಆ ಪಿಚ್ಚರಲ್ಲಿ ನನ್ನ ಹೆಸ್ರು ಹಾಕಿ, ಕೆಳಗೆ ಹಾಡುಗಾರ್ತಿ ಅಂತ ಬರೀಬೇಕು. ಇನ್ನೇನೂ ಬೇಡ ನಂಗೆ. ಸಾಯೋದ್ರೊಳಗೆ ಅದೊಂದು ನೋಡ್ಬೇಕು" ಎಂದಳು.

ಮಾಸ್ತರರನ್ನು ಕೇಳಿದರೆ ನಕ್ಕುಬಿಟ್ಟರು. "ದೇವೀರಿನಾ? ಸೋಡಾ ಕೊಡ್ತಿದ್ಲು ಕಣಮ್ಮ. ಹಾಡೋದೆಲ್ಲಿ ಬಂತು." ಇನ್ನಾಸಪ್ಪನೂ ಅಷ್ಟೇ, ಸೋಡಾ ಎಂದರು. ನಾನು ತಿರುಗಿ ಅವಳ ಬಳಿ ಹೋಗಿ, ಅವರು ಹೀಗೆ ಅನ್ನುತ್ತಾರಲ್ಲ ದೇವೀರಮ್ಮ, ಏನು ಮಾಡಲಿ ಎಂದೆ. "ಕ್ಯಾಮರಾ ಇಡು" ಎಂದಳು. ಸೆರಗು ಸರಿ ಮಾಡಿಕೊಂಡಳು, ಗಂಟಲು ಸರಿ ಮಾಡಿಕೊಂಡಳು, ಬಾಯಿ ತೆರೆದಳು. ಕಣ್ಣು ಮುಚ್ಚಿದೆ, ಕುತ್ತಿಗೆಯ ನರ ಉಬ್ಬಿದೆ, ಕೈ ತಾಳ ಹಾಕುತ್ತಿದೆ, ಸದ್ದಿಲ್ಲ. ಮೈಕು ಕೆಟ್ಟಿತೇನೋ ಎಂದು ತಿರುಗಿಸಿ ಮುರುಗಿಸಿ ನೋಡಿದೆ. ಬುದ್ಧಿಗೇಡಿ ನಾನು, ನನ್ನ ಬರಿಗಿವಿಗೇ ಕೇಳಿಸುತ್ತಿರಲಿಲ್ಲ. ಪೂರ್ತಿ ಹಾಡಿ ಮುಗಿಸಿ, "ಕೇಳ್ತಾ? ಕೇಳ್ಲಿಲ್ಲ ತಾನೆ? ಅದೇ ಸಾಕ್ಷಿ. ಒಂದ್ಸಲ ಈ ಊರಲ್ಲಿ ಆಗೋಗಿರೋ ಹಾಡು ಅದು" ಎಂದಳು.

ಹೊಳೆಯಾಚೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ಹಾಡಿ, ಎಲ್ಲರಿಗೂ ಕೇಳಿಸುತ್ತದೆ ಎಂದೆ. ಅವಳಿಗೆ ಸಿಟ್ಟು ಬಂತು. "ಅಲ್ಲಿ ಯಾರು ಏನ್ ಹಾಡಿದ್ರೂ ಕೇಳತ್ತೆ. ಅದ್ರಿಂದ ಏನ್ ಗೊತ್ತಾಗತ್ತೆ ಮಣ್ಣು? ನಾನು ಇಲ್ಲಿ ಹಾಡಿದ್ದೆ ಅನ್ನೋದು ಇಲ್ಲಿ ಕೇಳ್ದೆ ಇರೋದ್ರಿಂದ ಗೊತ್ತಾಗ್ಬೇಕು." ಸರಿಯೇ ಅನ್ನಿಸಿತು. ಮರುಕ್ಷಣವೇ, ಸುಮ್ಮನೆ ಬಾಯಿ ಆಡಿಸಿದರೂ ಹೀಗೇ ಅಲ್ಲವೇ ಎನ್ನಿಸಿತು. ಮಾಸ್ತರರೂ ಅದನ್ನೇ ಅಂದರು. "ಬಾಯಿ ಯಾರು ಬೇಕಾದ್ರೂ ಆಡಿಸ್ತಾರೆ, ಬಿಡಮ್ಮ ಹೋಗ್ಲಿ."

ಕಡೆಗೆ ಇನ್ನಾಸಪ್ಪನವರ ಜಗಲಿಯಲ್ಲಿ ಎಲ್ಲರನ್ನೂ ಕೂಡಿಸಿದೆ. ತಂಡ ಅವತ್ತು ಚಿತ್ರಕ್ಕಾಗಿ ಹೊಸದೊಂದನ್ನು ನುಡಿಸಿತು. ಪಿಳ್ಳಪ್ಪ ಮಾಸ್ತರು ಆ ವಯಸ್ಸಿನಲ್ಲೂ ಎಂಥ ಉಸಿರು ಅಂತೀರಿ! ದೇವೀರಮ್ಮ ಬಾಗಿಲ ಬಳಿ ಗೋಡೆಗೊರಗಿ ಕೂತು ಕೇಳಿದಳು. ನಾವಿಬ್ಬರಲ್ಲದೆ ಕೇಳಲು ಇನ್ನಾರೂ ಇರಲಿಲ್ಲ. ಮುಗಿದ ಮೇಲೆ ನಾನು ವಿಷಯ ಎತ್ತಿದೆ. ದೇವೀರಮ್ಮ ತನ್ನ ಹಾಡಿನ ಸ್ವರಗಳನ್ನು, ಸಂತೆಯಿಂದ ಏನೇನು ತರಬೇಕೆಂದು ಹೇಳುವ ಹಾಗೆ, ಒಂದೊಂದಾಗಿ ಬಾಯಲ್ಲಿ ಹೇಳಬೇಕು. ಇನ್ನಾಸಪ್ಪ ಅದನ್ನು ಕಲಿತುಕೊಂಡು ಟ್ರಂಪೆಟ್ಟಿನಲ್ಲಿ ಊದಬೇಕು. ಸದ್ದು ಬಂದರೆ ಅವಳು ಕಟ್ಟಿಕೊಂಡು ಬಂದ ಹೊಸ ಧಾಟಿ. ಬರದಿದ್ದರೆ ಈ ಊರಿನಲ್ಲಿ ಆಗಿಹೋದ ಧಾಟಿ.

ಇನ್ನಾಸಪ್ಪ ಊದಿದರು. ಸದ್ದಿಲ್ಲ. ಮುಖ ಕೆಂಪಾಯಿತು, ಊದಿದರು, ಸದ್ದಿಲ್ಲ. ನಡುವೆ ಒಂದು ಕಡೆ ಮಾತ್ರ ಪೇಂ ಎಂದಿತು. "ತಪ್ಪು ಊದಿದೆ ನೀನು, ಅಲ್ಲಿ ಮೇಲಕ್ಕೆ ಹೋಗ್ಬೇಕು" ಎಂದಳು ದೇವೀರಮ್ಮ. ಸರಿ ಮಾಡಿ ಊದಿದರು, ಅದೂ ಮೂಕವಾಯಿತು. ಇನ್ನಾಸಪ್ಪ ವಾದ್ಯ ಇಳಿಸಿ ಶಿಲುಬೆಯ ಗುರುತು ಮಾಡಿಕೊಂಡರು. "ದೇವೀರಿ ಸುಳ್ಳು ಹೇಳ್ತಿಲ್ಲ ಕಣ್ರಪ್ಪ" ಎಂದರು. ಅಬ್ಬ, ಮುಗಿಯಿತು ಅಂದುಕೊಂಡೆ. ಮುಗಿಯುವುದೆಲ್ಲಿ!

"ಊರಲ್ಲಿ ಕೇಳಿದ್ದ ಧಾಟಿ, ಒಪ್ಪಿದೆ" ಎಂದರು ಪಿಳ್ಳಪ್ಪ ಮಾಸ್ತರು. "ಆದ್ರೆ ಅದನ್ನ ನುಡಿಸಿದೋನು ನಾನೇ ಯಾಕಾಗಿರ್ಬಾರ್ದು? ನೂರಾರು ನುಡಿಸಿದೀನಿ. ಸೋಡಾ ಕೊಡ್ತಾ ಕೇಳಿಸ್ಕೊಂಡು ತನ್ನದು ಅಂದ್ಕೊಂಡಿದಾಳೆ." ಬುಡನ್ ಸಾಬರು ಸಂಕಟದಿಂದ ದೇವೀರಮ್ಮನ ಕಡೆ ತಿರುಗಿ, "ತಂಗೀ, ಬೇಜಾರ್ ಮಾಡ್ಕೋಬೇಡ. ನಾನು ಒಂದು ಭಾನುವಾರನೂ ತಪ್ಪಿಸಿಲ್ಲ. ಅಲ್ಲಾನ ಆಣೆ, ಹೆಂಗಸರ ಹಾಡು ಅಲ್ಲಿ ನನ್ನ ಕಿವಿಗೆ ಬಿದ್ದೇ ಇಲ್ಲ" ಎಂದರು. ದೇವೀರಮ್ಮ ಎದುರಾಡಲಿಲ್ಲ. ಅದೇ ನನಗೆ ವಿಚಿತ್ರ ಅನ್ನಿಸಿದ್ದು. ಜಗಳಕ್ಕೆ ಸೊಂಟ ಕಟ್ಟಿ ಬಂದ ಹೆಂಗಸು ಮುಖ ಸಣ್ಣದು ಮಾಡಿಕೊಂಡು ಎದ್ದು ಹೊರಟುಹೋದಳು.

ನಾನು ಹಿಂದೆಯೇ ಹೋದೆ. ಅವಳ ಮನೆಯ ಹಿತ್ತಲಲ್ಲಿ ಕೂತೆವು. "ದೇವೀರಮ್ಮ, ಸಾಬರು ಸುಳ್ಳು ಹೇಳೋ ಮನುಷ್ಯ ಅಲ್ಲ. ನೀವೂ ಅಲ್ಲ. ನಂಗಂತೂ ಒಂದೂ ತಿಳೀತಿಲ್ಲ. ಅವತ್ತು ಏನಾಯ್ತು?" ಎಂದೆ. ಅವಳು ಕಾಲ ಬಳಿ ಇದ್ದ ಹುಲ್ಲುಕಡ್ಡಿ ಕೀಳುತ್ತಾ ಹೇಳತೊಡಗಿದಳು.

"ಕೆಲ್ಸ ಮಾಡ್ತಾ ಗುನುಗ್ತಿದ್ನಲ್ಲ, ಅದನ್ನ ಕೇಳಿ ತಂಡದಲ್ಲಿ ಆಗಿದ್ದ ದೊಡ್ಡ ಕ್ಲಾರಿನೆಟ್ ಮಾಸ್ತರು, ಈಗಿಲ್ಲ ಅವ್ರು, ಒಂದು ಪದ ಕಟ್ಕೊಂಡು ಬಾರಮ್ಮ, ಭಾನುವಾರ ನಡುವೆ ನಿಲ್ಲಿಸ್ತೀವಿ, ಹಾಡು ಅಂದ್ರು. ಕಟ್ಟಿದೆ. ವಾರ ಪೂರ್ತಿ ಬಾಯಿ ಬಿಡದೇ ಕಟ್ಟಿದೆ. ಭಾನುವಾರ ಮಧ್ಯಾಹ್ನ ತೊಟ್ಟಿ ಹತ್ರ ಒಬ್ಳೇ ಸೀಸೆ ತೊಳೀತಿದ್ದೆ. ಹಾಡು ಪೂರ್ತಿಯಾಗಿತ್ತು. ಎಷ್ಟು ಚೆನ್ನಾಗಿ ಕೂತಿತ್ತು ಅಂದ್ರೆ, ಬಾಯಿ ತಡೀಲಿಲ್ಲ ಕಣೇ. ಗಟ್ಟಿಯಾಗಿ ಹಾಡ್ಬಿಟ್ಟೆ. ಮೊದ್ಲಿಂದ ಕೊನೇವರ್ಗೂ. ಮುಗಿಸಿದ್ಮೇಲೆ ತಿಳೀತು ಏನ್ ಮಾಡ್ಕೊಂಡೆ ಅಂತ."

ನಮ್ಮೂರಿನ ಹಾಡುವವರಿಗೆಲ್ಲ ಕನಸಿನಲ್ಲೂ ಕಾಡುವ ಭಯ ಅದು. "ಸಂಜೆ ಹೋಗ್ಬಾರ್ದಿತ್ತು ನೀವು" ಎಂದೆ. "ಹೋಗ್ದೆ ಇರೋದು ಹೆಂಗೆ? ಹೊಸ ಸೀರೆ ಉಟ್ಟಿದ್ದೆ. ಒಂದು ಸ್ವರ ಆದ್ರೂ ಬರತ್ತೇನೋ ಅಂತ ಆಸೆ. ಅವ್ರು ನಿಲ್ಲಿಸಿದ್ರು. ನಾನು ಮೂಲೇಲಿ ನಿಂತಿದ್ದೆ, ಮುಂದೆ ಬಂದು ಬಾಯಿ ತೆಗ್ದೆ. ಏನೂ ಇಲ್ಲ. ಬಿಟ್ಟು ಓಡೋಗ್ಬೋದಿತ್ತು. ಓಡ್ಲಿಲ್ಲ. ಪೂರ್ತಿ ಹಾಡಿದೆ, ಒಂದು ಸೊಲ್ಲೂ ಬಿಡ್ಲಿಲ್ಲ. ನಾನು ಮುಗಿಸಿದ್ಮೇಲೆ ಅವ್ರು ಮತ್ತೆ ಹಿಡಿದ್ರು. ಜನ ಹುಚ್ಚೆದ್ದು ಚಪ್ಪಾಳೆ ಹೊಡೆದ್ರು, ಅವ್ರು ಸುಮ್ಮನಿದ್ದದ್ದಕ್ಕೆ. ಮುಂದಿನ ಭಾನುವಾರ ಅದೇ ಬೇಕು ಅಂದ್ರು. ನನ್ನ ಯಾರೂ ಮತ್ತೆ ಕರೀಲಿಲ್ಲ. ನಾನೂ ಇನ್ನೊಂದ್ಸಲ ಹಾಡ್ಲಾ ಅಂತ ಕೇಳೋಕೆ ಹೋಗ್ಲಿಲ್ಲ, ಯಾವ ಮುಖ ಇಟ್ಕೊಂಡು ಕೇಳ್ಲಿ."

ನನಗೆ ಅಳು ಬಂತು. ಜೊತೆಗೆ ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಿಲ್ಲ. ನುಡಿಸುವಾಗ ಕಣ್ಣು ಮುಚ್ಚಿಕೊಂಡು, ಆ ತೆರಪು ತಮ್ಮದೇ ಯೋಚನೆ ಎಂದುಕೊಂಡ ಮಾಸ್ತರರು, ಬಗ್ಗಿ ಟ್ರಂಪೆಟ್ ಒದರುತ್ತಿದ್ದ ಇನ್ನಾಸಪ್ಪ, ಡ್ರಮ್ಮಿನ ಹಿಂದೆ ಕೂತು ಹಾಡು ಕೇಳಿಸದ್ದಕ್ಕೆ ಹಾಡುವವರೇ ಬಂದಿಲ್ಲವೆಂದುಕೊಂಡ ಸಾಬರು. ಮೂವರೂ ತಮಗೆ ಗೊತ್ತಿದ್ದ ನಿಜವನ್ನೇ ಹೇಳಿದ್ದರು. ಈ ಊರಿನಲ್ಲಿ ಕಿವಿಗೆ ಬೀಳದ್ದನ್ನು ಯಾರೂ ನೆನಪಿಡುವುದಿಲ್ಲ. "ಹಾಗಾದ್ರೆ ಆ ಹಾಡನ್ನ ಯಾರೂ ಕೇಳೇ ಇಲ್ವಾ?" ಎಂದೆ. "ನಾನು ಕೇಳಿದ್ನಲ್ಲ" ಎಂದಳು ದೇವೀರಮ್ಮ. "ಚೆನ್ನಾಗಿತ್ತು ಕಣೇ."

ಅವಳನ್ನು ಕೇಳಿಯೇ ಮಾಸ್ತರರಿಗೆ ಎಲ್ಲವನ್ನೂ ಹೇಳಿದೆ. ಅವರು ಬೀಡಿ ಆರಿಹೋದದ್ದೂ ತಿಳಿಯದೆ ಕೂತಿದ್ದರು. ಆಮೇಲೆ ತಲೆ ಕೊಡವಿದರು. "ಅಯ್ಯೋ ಪಾಪ ಅನ್ನತ್ತೆ. ಆದ್ರೂ ಪಂಕಜಾ, ನೀನೇ ಹೇಳು, ಯಾರಿಗೂ ಕೇಳಿಸದೆ ಇದ್ದದ್ದು ಹಾಡಾ? ಅದನ್ನ ಹಾಡು ಅಂದ್ರೆ ಊರಲ್ಲಿರೋರೆಲ್ಲ ಹಾಡುಗಾರರೇ. ಅವಳ ಹೆಸರಿನ ಕೆಳಗೆ ಹಾಗೆ ಹಾಕೋದಾದ್ರೆ ನನ್ನ ಹೆಸರು ತೆಗೆದುಬಿಡು." ಮಾಸ್ತರಿಲ್ಲದೆ ಚಿತ್ರವೆಲ್ಲಿ? ಹಾಡಿದಳೇ, ಹಾಡಲಿಲ್ಲವೇ? ತೊಟ್ಟಿಯ ಬಳಿ ಹಾಡಿದಳು, ತಂಡದ ಜೊತೆಗಲ್ಲ. ತಂಡದ ಜೊತೆಗೂ ಹಾಡಿದಳು, ಆದರೆ ಅದು ಹಾಡಾಗಲಿಲ್ಲ. ಆದರೂ ಆ ತೆರಪು ಅವಳ ಹಾಡಿನಷ್ಟೇ ಉದ್ದ. ಒಲೆಯ ಮೇಲೆ ಹಾಲಿಟ್ಟು ಇದನ್ನೇ ಯೋಚಿಸುತ್ತ ಮೂರು ದಿನ ಹಾಲು ಉಕ್ಕಿಸಿದೆ. ಕೊನೆಗೆ ಹೇಡಿಯ ಹಾಗೆ ಒಂದು ದಾರಿ ಹಿಡಿದೆ. ದೇವೀರಮ್ಮ ಕ್ಯಾಮರಾದೆದುರು ಹಾಡಿದ ದೃಶ್ಯ ಇಟ್ಟೆ, ಕೆಳಗೆ ಅವಳ ಹೆಸರು ಹಾಕಿದೆ, ಹೆಸರಿನ ಕೆಳಗೆ ಏನೂ ಬರೆಯಲಿಲ್ಲ. ಅವಳಿಗೆ ಹೇಳಿದಾಗ, "ಹೆಸ್ರಾದ್ರೂ ಇದೆಯಲ್ಲ" ಎಂದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಟಿಂಬರ್ ಡಿಪೋದ ಅಂಗಳದಲ್ಲಿ ಬಿಳಿ ಪಂಚೆಗಳನ್ನು ಸೇರಿಸಿ ಹೊಲಿದ ಪರದೆ ಕಟ್ಟಿ, ಒಂದು ಭಾನುವಾರ ಸಂಜೆ ಚಿತ್ರ ತೋರಿಸಿದೆ. ಊರಿಗೆ ಊರೇ ಬಂದಿತ್ತು. ಮಾತಿನ ಭಾಗವೆಲ್ಲ ಚೆನ್ನಾಗಿ ನಡೆಯಿತು, ಸರ್ಕಸ್ಸಿನ ಕಥೆಗೆ ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಇನ್ನಾಸಪ್ಪನವರ ಜಗಲಿಯಲ್ಲಿ ತಂಡ ನುಡಿಸಿದ ದೃಶ್ಯ ಬಂತು. ಪರದೆಯ ಮೇಲೆ ಪಿಳ್ಳಪ್ಪ ಮಾಸ್ತರು ಕಣ್ಣು ಮುಚ್ಚಿ ಊದುತ್ತಿದ್ದಾರೆ, ಬೆರಳು ಓಡುತ್ತಿವೆ, ಬೆವರು ಇಳಿಯುತ್ತಿದೆ. ಸದ್ದಿಲ್ಲ. ಆಗಲೇ ಒಮ್ಮೆ ಕೇಳಿಹೋದದ್ದು, ಇನ್ನು ಹೇಗೆ ಬರುತ್ತದೆ? ಅದು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಮಾಸ್ತರು ತಮ್ಮನ್ನು ಹಾಗೆ ಎಂದೂ ನೋಡಿಕೊಂಡಿರಲಿಲ್ಲ. ಎಂಜಲು ಎಂದು ಯಾವ ವಿಡಿಯೋದ ಹತ್ತಿರಕ್ಕೂ ಹೋಗದ ಮನುಷ್ಯ. ಮುಂದೆ ಕೂತಿದ್ದ ಮಕ್ಕಳಲ್ಲಿ ಯಾರೋ, "ತಾತ ಬಲೂನ್ ಊದ್ತಾವ್ನೆ" ಎಂದಿತು. ಮಕ್ಕಳೆಲ್ಲ ಕಿಸಕ್ಕೆಂದರು.

ಮಾಸ್ತರು ಎದ್ದು ನಿಂತರು. "ನಿಲ್ಸಮ್ಮ, ನಿಲ್ಸು" ಎಂದರು. ನಿಲ್ಲಿಸಿದೆ. "ಈ ಮಕ್ಳಿಗೆ ಏನ್ ಗೊತ್ತಾಗತ್ತೆ? ನಾಳೆ ನಾನಿರಲ್ಲ. ನಾನು ನುಡಿಸಿದ್ದೆ ಅಂತ ಇದ್ರಲ್ಲಿ ಎಲ್ಲಿದೆ? ಸುಮ್ನೆ ಕೆನ್ನೆ ಉಬ್ಬಿಸ್ತಾ ನಿಂತಿದೀನಲ್ಲ, ಎಲ್ಲಿದೆ ನಾನು ನುಡಿಸಿದ್ದು?" ಅಷ್ಟರಲ್ಲಿ ಹಿಂದಿನ ಸಾಲಿನಿಂದ ದೇವೀರಮ್ಮ ಎದ್ದಳು. ಜನರನ್ನು ಸರಿಸಿಕೊಂಡು ಮುಂದೆ ಬಂದು ಮಾಸ್ತರರ ಪಕ್ಕ ನಿಂತಳು.

"ನಾನು ಕೇಳಿದೀನಿ ಮಾಸ್ತರೇ" ಎಂದಳು. "ಆ ಜಗಲೀಲೂ ಕೇಳಿದೆ, ಸೋಡಾ ಫ್ಯಾಕ್ಟರೀಲೂ ಕೇಳಿದೆ. ಒಂದು ಭಾನುವಾರ ಬಿಟ್ಟಿಲ್ಲ. ಹೆಂಗಿತ್ತು ಅಂತ ಈ ಮಕ್ಳಿಗೆಲ್ಲ ನಾನು ಹೇಳ್ತೀನಿ. ನೀವು ಕೂತ್ಕೊಳ್ಳಿ."

ಮಾಸ್ತರು ಕೂತರು. ಅವಳೂ ಅವರ ಪಕ್ಕದಲ್ಲೇ, ಇನ್ನಾಸಪ್ಪ ಸರಿದು ಬಿಟ್ಟ ಜಾಗದಲ್ಲಿ ಕೂತಳು. ನಾನು ಚಿತ್ರ ಮುಂದುವರಿಸಿದೆ. ತಂಡ ಮುಗಿಸಿತು, ಪರದೆಯ ಮೇಲೆ ದೇವೀರಮ್ಮ ಬಂದಳು. ಕಣ್ಣು ಮುಚ್ಚಿದ್ದಾಳೆ, ಕುತ್ತಿಗೆಯ ನರ ಉಬ್ಬಿದೆ, ಕೈ ತಾಳ ಹಾಕುತ್ತಿದೆ. ಮಾಸ್ತರರ ದೃಶ್ಯ ಹೇಗಿತ್ತೋ ಇದೂ ಹಾಗೆಯೇ ಇತ್ತು, ಗೊತ್ತಿಲ್ಲದವರು ಬೇರೆ ಮಾಡಿ ಹೇಳುವ ಹಾಗಿರಲಿಲ್ಲ. ಮಕ್ಕಳು ಈಗ ನಗಲಿಲ್ಲ. ಮಾಸ್ತರು ಪೂರ್ತಿ ನೋಡಿದರು. ಹಾಡು ಮುಗಿಯುವವರೆಗೂ ಅವರ ಬೆರಳು ತೊಡೆಯ ಮೇಲೆ ಅವಳ ತಾಳವನ್ನೇ ಹಾಕುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಗದರಿದರು.

"ಏನಮ್ಮ ಪಂಕಜಾ, ನಮ್ಮೆಲ್ಲರ ಹೆಸರಿನ ಕೆಳಗೆ ಬರೆದು ಇವಳದ್ದೊಂದು ಖಾಲಿ ಬಿಟ್ಟಿದ್ದೀಯಲ್ಲ? ಹಾಡುಗಾರ್ತಿ ಅಂತ ಬರಿ."